ಹನ್ನೆರಡರ ಬೆಲ್ಲು ನಿಲ್ಲಿಸಿದ ವರ್ಷ

ಏಪ್ರಿಲ್ ಕೊನೆಯಲ್ಲಿ, ಪರೀಕ್ಷೆ ಮುಗಿದು ಶಾಲೆ ಖಾಲಿಯಾಗಿದ್ದಾಗ, ಪ್ರಿನ್ಸಿಪಾಲ್ ಸಿಸ್ಟರ್ ನನ್ನನ್ನು ಆಫೀಸಿಗೆ ಕರೆದರು. ಫ್ಯಾನು ಜೋರು ಮಾಡಿ ಮಜ್ಜಿಗೆ ತರಿಸಿದರು. ಸಿಸ್ಟರ್ ಮಜ್ಜಿಗೆ ಕೊಟ್ಟರೆ ದೊಡ್ಡ ಕೆಲಸವೊಂದು ತಲೆಗೆ ಬೀಳುತ್ತದೆ ಎಂದು ನಮ್ಮ ಸ್ಟಾಫ್ ರೂಮಿಗೆಲ್ಲ ಗೊತ್ತು.

"ವಿಜಯವಾಡದ ಮುಖ್ಯ ಮಠದಿಂದ ತೀರ್ಮಾನ ಬಂದಿದೆ ಮೇಡಂ," ಎಂದರು. "ಜೂನ್‌ನಿಂದ ತೆಲುಗು ಮೀಡಿಯಂ ಇಲ್ಲ. ಉಳಿದಿರೋ ಮಕ್ಕಳನ್ನೆಲ್ಲ ಇಂಗ್ಲಿಷ್ ಮೀಡಿಯಮ್ಮಿಗೆ ತಗೋಬೇಕು. ಹೇಗೆ ಅನ್ನೋದನ್ನ ನೀವೇ ಕೂತು ನೋಡಿ."

ವಿಶಾಖಪಟ್ಟಣದ ಗಾಜುವಾಕದಲ್ಲಿರುವ ಈ ಕಾನ್ವೆಂಟ್ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ, ಟೈಮ್ ಟೇಬಲ್ ಹಾಕುವುದೂ ನಾನೇ. ಕಂಪ್ಯೂಟರ್ ಮೇಲೆ ನನಗೆ ನಂಬಿಕೆ ಇಲ್ಲ. ಮನೆಯ ಊಟದ ಮೇಜಿನ ಮೇಲೆ ದೊಡ್ಡ ರಟ್ಟು ಹಾಸಿ, ಒಬ್ಬೊಬ್ಬ ಟೀಚರಿಗೆ ಒಂದೊಂದು ಬಣ್ಣದ ಚೀಟಿ ಕತ್ತರಿಸಿ ಜೋಡಿಸುತ್ತೇನೆ. ಮೊದಲು ಕೂರಿಸಬೇಕಾದದ್ದು ಧರ್ಮೋಪದೇಶದ ಪೀರಿಯಡ್ಡು. ಆ ಹೊತ್ತಿಗೆ ಕ್ರೈಸ್ತ ಮಕ್ಕಳು ಒಂದು ಕಡೆ, ಉಳಿದವರು ನೀತಿಪಾಠಕ್ಕೆ ಇನ್ನೊಂದು ಕಡೆ ಹೋಗುವುದರಿಂದ ಇಡೀ ಶಾಲೆಗೆ ಅದು ಒಂದೇ ಸಮಯಕ್ಕೆ ಬರಬೇಕು. ಆಮೇಲೆ ಲ್ಯಾಬಿನ ಜೋಡಿ ಪೀರಿಯಡ್ಡು, ಆಮೇಲೆ ಗಣಿತ, ಕೊನೆಗೆ ಉಳಿದ ಸಂದಿಯಲ್ಲಿ ಡ್ರಾಯಿಂಗು, ಆಟ. ಒಂದು ಚೀಟಿ ಎತ್ತಿದರೆ ಏಳೆಂಟು ಅಲುಗಾಡುತ್ತವೆ. ನಮ್ಮ ಮನೆಯವರು ನೌಕಾಪಡೆಯಲ್ಲಿದ್ದು ನಿವೃತ್ತರಾದವರು, ಪ್ರತಿ ಬೇಸಿಗೆಯಲ್ಲೂ ತಟ್ಟೆ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. "ಏನೇ ಇದು, ಟೈಮ್ ಟೇಬಲ್ಲೋ ರಂಗೋಲಿನೋ? ನಾನೆಲ್ಲಿ ಕೂತು ಉಣ್ಣಲಿ?"

ಈ ಸಲದ ರಂಗೋಲಿ ಸುಲಭದ್ದಲ್ಲ. ನಮ್ಮ ಶಾಲೆಗೆ ಎರಡು ಗೇಟು. ಮುಂದಿನ ಗೇಟಿನಿಂದ ಇಂಗ್ಲಿಷ್ ಮೀಡಿಯಂ ಮಕ್ಕಳು ಬಸ್ಸು, ಆಟೋದಲ್ಲಿ ಬಂದು ಇಳಿಯುತ್ತಾರೆ. ಹಿಂದಿನ ಗೇಟು ಇಗರ್ಜಿಯ ಪಕ್ಕದ ಓಣಿಗೆ ತೆರೆಯುತ್ತದೆ, ತೆಲುಗು ಮೀಡಿಯಂ ಮಕ್ಕಳು ಅಲ್ಲಿಂದ ನಡೆದು ಬರುತ್ತಿದ್ದರು. ಹೊಸದಾಗಿ ಬಂದವರು ಹಿಂದಿನದನ್ನು ಯಾವುದೋ ಬಿಟ್ಟಿ ಧರ್ಮಾರ್ಥ ಶಾಲೆ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಶಾಲೆ ಶುರುವಾದದ್ದೇ ಹಿಂದಿನ ಗೇಟಿನಿಂದ. ಉಕ್ಕಿನ ಕಾರ್ಖಾನೆಗೆ ಜಮೀನು ಹೋಗಿ ಊರುಗಳು ಎದ್ದು ಇತ್ತ ಬಂದಾಗ, ಇಬ್ಬರು ಸಿಸ್ಟರುಗಳು ಇಗರ್ಜಿಯ ಪಕ್ಕ ತಗಡಿನ ಶೆಡ್ ಹಾಕಿ ಆ ಮಕ್ಕಳಿಗೆ ತೆಲುಗು ಅಕ್ಷರ ಕಲಿಸಿದರಂತೆ. ಶೆಡ್ಡು ಹೆಂಚಿನ ಕಟ್ಟಡವಾಯಿತು, ಇಂಗ್ಲಿಷ್ ಮೀಡಿಯಂ ಬಂತು, ಮುಂದೆ ಮೂರಂತಸ್ತು ಎದ್ದಿತು. ಹೆಂಚಿನ ಕಟ್ಟಡವನ್ನು ಎಲ್ಲರೂ 'ಪಾತ ಬಡಿ', ಹಳೆ ಶಾಲೆ, ಎಂದು ಕರೆಯತೊಡಗಿದರು.

ಪಾತ ಬಡಿಯಲ್ಲಿ ಆ ಮೊದಲ ಸಿಸ್ಟರುಗಳ ಕಾಲದ ಒಂದು ರೂಢಿ ಉಳಿದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಇಗರ್ಜಿಯ ಗಂಟೆ ಬಾರಿಸಿದಾಗ ಮಕ್ಕಳೆಲ್ಲ ಜಗಲಿಗೆ ಬಂದು ನಿಂತು ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಒಂದು ಸಣ್ಣ ಬೆಲ್ಲು ಹೊಡೆಯುತ್ತಿತ್ತು. ಆಗ ಯಾರನ್ನೂ ಕೇಳದೆ ನಲ್ಲಿಯ ಹತ್ತಿರ ಹೋಗಿ ನೀರು ಕುಡಿದು, ಬಾತ್‌ರೂಮಿಗೂ ಹೋಗಿ ಬರಬಹುದಿತ್ತು. ಮೂರಂತಸ್ತಿನಲ್ಲಿ ಆ ಪದ್ಧತಿ ಇರಲಿಲ್ಲ. ಅಲ್ಲಿ ಪ್ರಾರ್ಥನೆ ಸ್ಪೀಕರಿನಲ್ಲಿ ಬರುತ್ತದೆ, ನಾವು ಇದ್ದಲ್ಲೇ ಎದ್ದು ನಿಂತು ಮತ್ತೆ ಕೂರುತ್ತೇವೆ.

ತೀರ್ಮಾನಿಸಬೇಕಾದದ್ದು ಒಂದೇ ವಿಷಯ. ಬರುವ ಮಕ್ಕಳನ್ನು ಒಂದೇ ಸೆಕ್ಷನ್ನಿನಲ್ಲಿ ಒಟ್ಟಿಗೆ ಇಡಬೇಕೋ, ಎಲ್ಲ ಸೆಕ್ಷನ್ನುಗಳಿಗೆ ನಾಲ್ಕೈದು ಮಂದಿಯಂತೆ ಹಂಚಬೇಕೋ? ಮೇ ತಿಂಗಳಲ್ಲಿ ಮೀಟಿಂಗು ಕರೆದರು. ಪಾತ ಬಡಿಯ ತೆಲುಗು ಟೀಚರ್ ಎದ್ದು ನಿಂತು, "ಒಂದು ವರ್ಷ ಒಟ್ಟಿಗೆ ಇರಲಿ ಸಿಸ್ಟರ್. ನಾನೂ ಜೊತೆಗಿರ್ತೀನಿ. ಮಾತು ಅಭ್ಯಾಸವಾದ ಮೇಲೆ ಹಂಚೋಣ," ಎಂದರು.

ನಾನು ಒಪ್ಪಲಿಲ್ಲ. ನಾನು ಯಾಕೆ ಒಪ್ಪಲಿಲ್ಲ ಎಂಬುದೇ ಈಗ ನನ್ನನ್ನು ಸುಡುವುದು. ಆ ಮೀಟಿಂಗಿನಲ್ಲಿ ಎಲ್ಲರಿಗೂ ನನ್ನ ಬಸ್ಸಿನ ಕಥೆ ಹೇಳಿದೆ. ಅರಸೀಕೆರೆ ಕಡೆಯಿಂದ ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದಾಗ ನನಗೆ ಒಂದಕ್ಷರ ತೆಲುಗು ಬರುತ್ತಿರಲಿಲ್ಲ. ಮನೆಯವರು ಹಡಗಿನಲ್ಲಿ, ನಾನು ಕೈಗೂಸಿನ ಜೊತೆ ಸಿಟಿ ಬಸ್ಸಿನಲ್ಲಿ. ನಮ್ಮ ಸ್ಟಾಪು ಬಂದರೆ 'ಆಪಂಡಿ' ಎಂದು ಕೂಗಿ ನಿಲ್ಲಿಸಬೇಕು. ನನಗೆ ಬಾಯಿ ಬರುತ್ತಿರಲಿಲ್ಲ. ಬೇರೆ ಯಾರಾದರೂ ಇಳಿಯುವವರೆಗೂ ಕೂತಿದ್ದು, ಅವರ ಹಿಂದೆ ಇಳಿದು, ಮಗಳನ್ನು ಎತ್ತಿಕೊಂಡು ವಾಪಸು ನಡೆಯುತ್ತಿದ್ದೆ. "ಹಾಗೆ ನಡೆದು ನಡೆದೇ ಕಲಿತೆ. ಈಗ ನೋಡಿ, ತರಕಾರಿಯವನ ಹತ್ತಿರ ತೆಲುಗಿನಲ್ಲಿ ಜಗಳವನ್ನೂ ಆಡ್ತೀನಿ. ನೀರಿಗೆ ಬಿಟ್ಟರೆ ಈಜು ತಾನೇ ಬರುತ್ತೆ," ಎಂದೆ. ಎಲ್ಲರೂ ನಕ್ಕರು. ಈ ಕಥೆ ಹೇಳಿದಾಗ ಯಾವಾಗಲೂ ನಗುತ್ತಾರೆ, ನಗುವ ಹಾಗೆಯೇ ಹೇಳಲು ಕಲಿತುಬಿಟ್ಟಿದ್ದೇನೆ. ನಡೆಯುವಾಗ ದಾರಿಯುದ್ದಕ್ಕೂ ಅಳುತ್ತಿದ್ದೆ ಎಂಬುದನ್ನು ಯಾವ ಮೀಟಿಂಗಿನಲ್ಲೂ ಹೇಳಿದವಳಲ್ಲ.

ತೆಲುಗು ಟೀಚರ್ ಮಾತ್ರ ನಗಲಿಲ್ಲ. "ನೀವು ಆಗ ದೊಡ್ಡವರಾಗಿದ್ದಿರಿ ಮೇಡಂ," ಎಂದು ಹೇಳಿ ಕೂತರು.

ಸಿಸ್ಟರಿಗೆ ನನ್ನ ಮಾತೇ ಸರಿ ಕಂಡಿತು. ಹಂಚುವುದೆಂದಾಯಿತು. ಪಾತ ಬಡಿಯ ಗೋಡೆ ಬಿರುಕು ಬಿಟ್ಟಿದ್ದರಿಂದ ಆ ಕಟ್ಟಡವನ್ನೂ ಅದರ ಹಿಂದಿನ ಬಾತ್‌ರೂಮುಗಳನ್ನೂ ಬೀಗ ಹಾಕಿ ಬಿಡುವುದೆಂದಾಯಿತು. ನಾನು ರಟ್ಟು ಹಾಸಿ ಕೂತೆ. ಹಳೆಯ ಹನ್ನೆರಡರ ಬಿಡುವನ್ನು ತೆಗೆದುಹಾಕಿ, ಅಲ್ಲಲ್ಲಿ ಉಳಿದ ನಿಮಿಷಗಳನ್ನೆಲ್ಲ ಕೂಡಿಸಿದರೆ ವಾರಕ್ಕೆ ಒಂದು ಸ್ಪೋಕನ್ ಇಂಗ್ಲಿಷ್ ಪೀರಿಯಡ್ಡು ಸಿಗುತ್ತಿತ್ತು. ಸಿಕ್ಕಾಗ ಆದ ಖುಷಿಗೆ ಮನೆಯವರನ್ನು ಕರೆದು ತೋರಿಸಿದೆ. ಎಲ್ಲಾ ಚೀಟಿಗಳೂ ಕೂತ ಮೇಲೆ ನೋಡಿದರೆ ಪಾತ ಬಡಿಯ ತೆಲುಗು ಟೀಚರ ಹಸಿರು ಚೀಟಿಗಳು ಮಾತ್ರ ಮೇಜಿನ ಮೇಲೆ ಉಳಿದಿದ್ದವು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ತೆಲುಗು ಪಾಠಕ್ಕೆ ಬೇರೆ ಟೀಚರುಗಳು ಇದ್ದೇ ಇದ್ದರು. ಪಾತ ಬಡಿಯ ಟೀಚರನ್ನು ವಿಜಯವಾಡದಾಚೆ ಕೊಂಡಪಲ್ಲಿಯ ಹತ್ತಿರ ಇದೇ ಸಿಸ್ಟರುಗಳು ನಡೆಸುವ ಇನ್ನೊಂದು ಶಾಲೆಗೆ ಕಳಿಸಿದರು.

ಜೂನ್‌ನಲ್ಲಿ ಎಲ್ಲವೂ ಗಡಿಯಾರದಂತೆ ಓಡಿತು. ಒಂದು ಪೀರಿಯಡ್ಡೂ ಇನ್ನೊಂದರ ಮೇಲೆ ಬೀಳಲಿಲ್ಲ. ಬೇರೆ ಶಾಲೆಯ ಸಿಸ್ಟರೊಬ್ಬರು ಬಂದು ನನ್ನ ರಟ್ಟಿನ ಫೋಟೋ ತೆಗೆದುಕೊಂಡು ಹೋದರು. ನಾನೂ ಉಬ್ಬಿದೆ.

ನಾನು ಆರನೇ ತರಗತಿಯ ಒಂದು ಸೆಕ್ಷನ್ನಿಗೆ ಕ್ಲಾಸ್ ಟೀಚರ್. ಪಾತ ಬಡಿಯಿಂದ ನನ್ನ ಪಾಲಿಗೆ ಬಂದವರಲ್ಲಿ ಒಬ್ಬಳು ಹುಡುಗಿ. ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಅವಳ ತಾಯಿ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮೊದಲ ವಾರ ನಾನು ಎಲ್ಲರಿಗೂ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದೆ: 'ಮೇ ಐ ಗೋ ಔಟ್, ಮಿಸ್?' ಬಾತ್‌ರೂಮಿಗೆ ಹೋಗಬೇಕಾದರೆ ಎದ್ದು ನಿಂತು ಹೀಗೆ ಕೇಳಬೇಕು, ತೆಲುಗಿನಲ್ಲಿ ಕೇಳಿದರೆ ಕಳಿಸುವುದಿಲ್ಲ. ಇದು ಶಾಲೆಯ ನಿಯಮ, ನಾನೇನೂ ಹೊಸದಾಗಿ ಮಾಡಿದ್ದಲ್ಲ. ಹುಡುಗಿಯ ತುಟಿ ಎಲ್ಲರ ಜೊತೆ ಅಲುಗಾಡುತ್ತಿತ್ತು, ದನಿ ಮಾತ್ರ ಕೇಳಲಿಲ್ಲ. ಸಂಕೋಚ, ಹೋಗುತ್ತೆ ಬಿಡು ಎಂದುಕೊಂಡೆ. ಅವಳ ಲೆಕ್ಕಗಳೆಲ್ಲ ಸರಿಯಿರುತ್ತಿದ್ದವು, ಗಣಿತದವಳಿಗೆ ಅಷ್ಟು ಸಾಕಿತ್ತು.

ಆಗಸ್ಟಿನಲ್ಲಿ ಅವಳು ಒಂದು ಬೆಳಿಗ್ಗೆ ಅಸೆಂಬ್ಲಿಯಲ್ಲಿ ತಲೆ ಸುತ್ತಿ ಬಿದ್ದಳು. ತಿಂಡಿ ತಿಂದಿರಲಿಕ್ಕಿಲ್ಲ ಎಂದು ಗ್ಲೂಕೋಸ್ ಕುಡಿಸಿ ಕೂರಿಸಿದೆವು. ಆಮೇಲೆ ಜ್ವರ ಬಂದು ಶಾಲೆ ತಪ್ಪಿಸಿದಳು. ಮತ್ತೆ ಬಂದಳು, ಮತ್ತೆ ಜ್ವರ. ಸೆಪ್ಟೆಂಬರಿನಲ್ಲಿ ಅವಳ ತಾಯಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಶಾಲೆಗೆ ಬಂದಳು. ಒಳಗೆ ಬಾ ಎಂದರೂ ಬರದೆ ಹಿಂದಿನ ಗೇಟಿನಲ್ಲೇ ನಿಂತಳು.

"ಮೇಡಂ ಗಾರು, ಡಾಕ್ಟರು ಉರಿಮೂತ್ರ ಅಂದರು. ನೀರು ಕುಡಿಯಲ್ಲ, ಒಂದಕ್ಕೆ ಹೋಗದೆ ತಡೆದುಕೊಳ್ತಾಳೆ ಅಂತ ಬೈದರು. ನಾನು ಬೆಳಿಗ್ಗೆ ಬಾಟ್ಲಿ ತುಂಬಿ ಕಳಿಸ್ತೀನಿ. ಸಂಜೆ ಹಾಗೇ ತುಂಬಿಕೊಂಡು ಬರುತ್ತೆ."

"ಇಂಟರ್ವೆಲ್ಲಿನಲ್ಲಿ ಹೋಗಬಹುದಲ್ಲ ಅಮ್ಮ?" ಎಂದೆ.

"ದೊಡ್ಡ ಹುಡುಗಿಯರು ಸಾಲಿನಲ್ಲಿ ಹಿಂದಕ್ಕೆ ತಳ್ತಾರಂತೆ. ಇವಳ ಸರದಿ ಬರೋದರೊಳಗೆ ಬೆಲ್ಲು. ಕ್ಲಾಸಿನಲ್ಲಿ ಕೇಳೇ ಅಂದರೆ 'ಅಡಗಾಲಂಟೇ ಭಯಂ ಅಮ್ಮಾ' ಅಂತಾಳೆ. ಕೇಳೋಕೆ ಭಯವಂತೆ."

ಆ ದಿನ ನನಗೆ ಹನ್ನೆರಡಕ್ಕೆ ನನ್ನದೇ ಕ್ಲಾಸಿತ್ತು. ಸ್ಪೀಕರಿನಲ್ಲಿ ಪ್ರಾರ್ಥನೆ ಮುಗಿಯಿತು. ಮಕ್ಕಳು ಕೂತ ಮೇಲೆ ನಾನು ಡೆಸ್ಕುಗಳ ನಡುವೆ ನಡೆಯುತ್ತಾ ಒಂದೊಂದೇ ನೀರಿನ ಬಾಟ್ಲಿ ಎತ್ತಿ ನೋಡಿದೆ. ಏನೋ ತಪಾಸಣೆ ಎಂದು ಮಕ್ಕಳು ನೆಟ್ಟಗೆ ಕೂತರು. ಮುಂದಿನ ಗೇಟಿನ ಮಕ್ಕಳ ಬಾಟ್ಲಿಗಳು ಅರ್ಧವಾಗಿದ್ದವು, ಕೆಲವು ಖಾಲಿ. ಪಾತ ಬಡಿಯಿಂದ ಬಂದವರ ಬಾಟ್ಲಿಗಳು ಬಾಯಿಮಟ್ಟ ತುಂಬಿದ್ದವು. ಆ ಹುಡುಗಿಯದು ಮಾತ್ರವಲ್ಲ, ಎಲ್ಲರದೂ. ಪಕ್ಕದ ಸೆಕ್ಷನ್ನಿಗೆ ಹೋಗಿ ನೋಡಿದೆ. ಅಲ್ಲಿಯೂ ಹಾಗೇ. ಫ್ಯಾನಿನ ಕೆಳಗೂ ಬೆವರು ಇಳಿಯುವ ಊರು ಇದು. ಈ ಮಕ್ಕಳು ಯಾರಿಗೂ ಹೇಳದೆ, ಇಂಗ್ಲಿಷಿನಲ್ಲಿ ಕೇಳುವ ಕಷ್ಟ ತಪ್ಪಿಸಿಕೊಳ್ಳಲು ನೀರನ್ನೇ ಬಿಟ್ಟಿದ್ದರು. ಕೇಳದೆ ಹೋಗಿ ಬರಬಹುದಾಗಿದ್ದ ಬಿಡುವನ್ನು ತೆಗೆದು, ಅದರ ಜಾಗದಲ್ಲಿ ಕೇಳುವುದು ಹೇಗೆಂದು ಕಲಿಸುವ ಪೀರಿಯಡ್ಡು ಇಟ್ಟವಳು ನಾನು. ನನಗೆ ನಾಚಿಕೆಯಾಯಿತು.

ಸಿಸ್ಟರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಕೇಳಿ ಪೆಚ್ಚಾದರು. "ನಾಳೆಯಿಂದ ತೆಲುಗಿನಲ್ಲೇ ಕೇಳಲಿ, ಅಸೆಂಬ್ಲಿಯಲ್ಲಿ ಹೇಳಿಬಿಡ್ತೀನಿ," ಎಂದರು. ಹೇಳಿದರು ಕೂಡ. ಏನೂ ಬದಲಾಗಲಿಲ್ಲ. ತೆಲುಗಿನಲ್ಲಿ ಒಬ್ಬ ಹುಡುಗ ಕೇಳಿದ, ಇಡೀ ಕ್ಲಾಸು ತಿರುಗಿ ನೋಡಿತು, ಮತ್ತೆ ಯಾರೂ ಕೇಳಲಿಲ್ಲ. ಬಾಟ್ಲಿಗಳು ತುಂಬಿಯೇ ಇದ್ದವು. ನಾಲ್ಕೈದು ಮಂದಿ ನಲವತ್ತು ಮಂದಿಯ ನಡುವೆ ಕೂತಾಗ ಯಾವ ಭಾಷೆಯಲ್ಲಿ ಬಾಯಿ ತೆರೆದರೂ ಒಂದೇ. ಹಂಚಿದ್ದೇ ತಪ್ಪು ಎಂದು ಆಗ ನನಗೆ ಸ್ಪಷ್ಟವಾಯಿತು.

"ಸಿಸ್ಟರ್, ಟೈಮ್ ಟೇಬಲ್ ಬಿಚ್ತೀನಿ," ಎಂದೆ. "ಆ ಮಕ್ಕಳನ್ನ ಮತ್ತೆ ಒಟ್ಟಿಗೆ ಕೂರಿಸೋಣ. ಪಾತ ಬಡಿ ಬಾತ್‌ರೂಮುಗಳ ಬೀಗ ತೆಗೆಸಿ. ಹನ್ನೆರಡರ ಬೆಲ್ಲು ಇಡೀ ಶಾಲೆಗೆ ಹೊಡೆಯಲಿ. ತೆಲುಗು ಟೀಚರನ್ನ ವಾಪಸು ಕರೆಸಿ."

"ವರ್ಷದ ಮಧ್ಯದಲ್ಲಾ?"

"ಮಧ್ಯದಲ್ಲೇ."

ಸಿಸ್ಟರ್ ಕ್ಯಾಲೆಂಡರಿನ ಹಾಳೆ ತಿರುವಿ ನೋಡಿದರು. ಕೊನೆಗೆ, "ಇದು ನನ್ನ ಕೈಯಲ್ಲಿಲ್ಲ. ವಿಜಯವಾಡಕ್ಕೆ ಹೋಗೋಣ. ನೀವೇ ಹೇಳಬೇಕು," ಎಂದರು.

ಬೆಳಗಿನ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಜೋಡಿಸಿಕೊಂಡೆ. ಗವರ್ನರ್‌ಪೇಟೆಯ ಗದ್ದಲದಲ್ಲಿ ಆಟೋ ಸಿಕ್ಕಿಕೊಂಡು, ಸಿಸ್ಟರುಗಳ ಮುಖ್ಯ ಮಠ ತಲುಪಿದಾಗ ಊಟದ ಹೊತ್ತು. ಸಿಸ್ಟರುಗಳ ಎಲ್ಲ ಶಾಲೆಗಳಿಗೂ ಮೇಲಿನವರಾದ ಮದರ್ ವಯಸ್ಸಾದವರು. ನಾನು ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದೆ. ಎರಡನೆಯ ವಾಕ್ಯಕ್ಕೇ ತಡವರಿಸಿದೆ. ಮದರ್ ಕನ್ನಡಕ ತೆಗೆದು, "ನೀವು ಕರ್ನಾಟಕದವರಾ ಟೀಚರ್?" ಎಂದು ಕನ್ನಡದಲ್ಲಿ ಕೇಳಿದರು. ಅವರು ಮಂಗಳೂರು ಕಡೆಯವರು. "ಹಾಗಾದ್ರೆ ಕನ್ನಡದಲ್ಲೇ ಹೇಳಿ ಮಾರಾಯ್ತಿ. ಇಲ್ಲಿ ನಂಗೆ ಕನ್ನಡ ಮಾತಾಡ್ಲಿಕ್ಕೆ ಯಾರೂ ಸಿಗುವುದಿಲ್ಲ."

ಅಷ್ಟು ಕೇಳಿದ್ದೇ ತಡ, ನನಗೆ ಅಳು ಬಂತು. ಜೋಡಿಸಿಕೊಂಡದ್ದೆಲ್ಲ ಮರೆತು, ಬಾಟ್ಲಿಗಳ ವಿಷಯ, ಬೆಲ್ಲಿನ ವಿಷಯ, ನನ್ನ ಬಸ್ಸಿನ ವಿಷಯ ಎಲ್ಲ ಹೇಳಿದೆ. ಈ ಸಲ ಬಸ್ಸಿನ ಕಥೆಯನ್ನು ನಗುವ ಹಾಗೆ ಹೇಳಲಿಲ್ಲ. ನನ್ನ ಮಾತಿನ ನಡುವೆ ತೆಲುಗು ಪದಗಳೇ ಹೆಚ್ಚಿದ್ದವು, ಮದರ್ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಪಕ್ಕದಲ್ಲಿ ಕೂತ ನಮ್ಮ ಸಿಸ್ಟರ್ ಪೂರ್ತಿ ಅರ್ಥವಾಗದೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಮಕ್ಕಳು ಬಾಯಾರಿಕೊಂಡು ಕೂತ್ಕೊಳ್ಳುವುದಾದ್ರೆ ನಾವು ಎಂತದ್ದಕ್ಕೆ ಶಾಲೆ ನಡೆಸುವುದು?" ಎಂದರು ಮದರ್. "ನೀವು ಹೇಳಿದ ಹಾಗೇ ಮಾಡಿ. ತೆಲುಗು ಮೀಡಿಯಂ ವಾಪಸ್ ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ, ಅದು ಮುಗಿಯಿತು. ಮಕ್ಕಳು ಒಟ್ಟಿಗೆ ಇರ್ಲಿ. ಆದ್ರೆ ಆ ಟೀಚರನ್ನು ಆರ್ಡರ್ ಮಾಡಿ ತರಿಸ್ಲಿಕ್ಕೆ ನಂಗೆ ಮನಸ್ಸಿಲ್ಲ. ಅವರನ್ನು ನೀವೇ ಹೋಗಿ ಕೇಳಿ."

ಕೊಂಡಪಲ್ಲಿಯ ಆ ಶಾಲೆಗೆ ನಾನೊಬ್ಬಳೇ ಹೋದೆ. ತೆಲುಗು ಟೀಚರ್ ಕೊನೆಯ ಪೀರಿಯಡ್ಡು ಮುಗಿಸಿ ಸೀಮೆಸುಣ್ಣದ ಕೈಯಲ್ಲೇ ಹೊರಗೆ ಬಂದರು. ನಾನು ವಿಷಯ ಹೇಳಿ ಮುಗಿಸುವವರೆಗೂ ಅವರು ಕೂರಿ ಎನ್ನಲಿಲ್ಲ.

"ಜೂನ್‌ನಲ್ಲಿ ನಿಮ್ಮ ರಟ್ಟಿನ ಮೇಲೆ ನನಗೆ ಒಂದು ಪೀರಿಯಡ್ಡೂ ಇರಲಿಲ್ಲ," ಎಂದರು. "ಇಲ್ಲಿ ಮನೆ ಮಾಡಿ, ನನ್ನ ಮಗನ್ನ ಇಲ್ಲಿ ಸೇರಿಸಿ, ಈಗಷ್ಟೇ ಸುಧಾರಿಸಿಕೊಳ್ತಿದ್ದೀನಿ. ಈಗ ಎಷ್ಟು ಪೀರಿಯಡ್ಡು ಕೊಡ್ತೀರಾ ಮೇಡಂ?"

"ನೀವು ಕೇಳಿದಷ್ಟು."

"ಜ್ವರ ಬಂದದ್ದು ಯಾರಿಗೆ?"

ಹೇಳಿದೆ. ಅವರು ಕೈಯ ಸೀಮೆಸುಣ್ಣ ಒರೆಸಿಕೊಂಡರು. "ಅವಳಾ? ನನ್ನ ಕ್ಲಾಸಿನಲ್ಲಿ ಬಾಯಿ ಮುಚ್ಚೇ ಅಂತ ದಿನಾ ಬೈಸಿಕೊಳ್ತಿದ್ದವಳು ಅವಳೇ," ಎಂದರು. ದಸರಾ ರಜೆ ಮುಗಿಸಿ ಬರುತ್ತೇನೆ, ಈ ವರ್ಷದ ಮಟ್ಟಿಗೆ, ಎಂದು ಒಪ್ಪಿದರು. ನನ್ನನ್ನು ಕ್ಷಮಿಸಿದ ಹಾಗೆ ಕಾಣಲಿಲ್ಲ.

ದಸರಾ ರಜೆಯೆಲ್ಲ ರಟ್ಟಿನ ಮುಂದೆ ಕಳೆಯಿತು. ಹಬ್ಬದ ಅಡುಗೆಯನ್ನು ಮನೆಯವರೇ ಮಾಡಿ ನೆಲದ ಮೇಲೆ ಬಡಿಸಿದರು, ಈ ಸಲ ತಮಾಷೆ ಮಾಡಲಿಲ್ಲ. ಮೊದಲು ಹನ್ನೆರಡರ ಬಿಡುವನ್ನು ಕೂರಿಸಿ, ಆಮೇಲೆ ಹಸಿರು ಚೀಟಿ ಕೂರಿಸಿ, ಉಳಿದದ್ದನ್ನು ಅವುಗಳ ಸುತ್ತ ಹೊಂದಿಸಿದೆ. ಈ ಟೈಮ್ ಟೇಬಲ್ ಚೆನ್ನಾಗಿರಲಿಲ್ಲ. ಎರಡು ಕಡೆ ಗಣಿತ ಊಟದ ಮೇಲೆ ಬಿತ್ತು, ಆಟದ ಪೀರಿಯಡ್ಡು ಒಂದು ಹೋಯಿತು. ಟೀಚರುಗಳು ಗೊಣಗಿದರು. ಗೊಣಗಲಿ ಎಂದುಕೊಂಡೆ.

ಶಾಲೆ ತೆರೆದ ದಿನ ಹನ್ನೆರಡಕ್ಕೆ ಇಗರ್ಜಿಯ ಗಂಟೆಯಾಗಿ, ಪ್ರಾರ್ಥನೆಯಾಗಿ, ಬೆಲ್ಲು ಹೊಡೆಯಿತು. ಪಾತ ಬಡಿಯ ಮಕ್ಕಳು ಒಂದು ಕ್ಷಣ ನಂಬಲಾರದೆ ನಿಂತು, ಆಮೇಲೆ ಒಬ್ಬರನ್ನೊಬ್ಬರು ತಳ್ಳುತ್ತಾ ನಲ್ಲಿಯ ಕಡೆ ಓಡಿದರು. ತೆಲುಗು ಟೀಚರ್ ಜಗಲಿಯಲ್ಲಿ ನಿಂತು, ಓಡಬೇಡ್ರೋ ಎಂದು ಬೈಯುತ್ತಿದ್ದರು. ಆ ಎರಡು ಜಡೆಯ ಹುಡುಗಿ ಅವರ ನಡುವೆ ಇರಲಿಲ್ಲ. ರಜೆಯಲ್ಲೇ ಅವಳ ತಾಯಿ ಬಂದು ಟೀಸಿ ತೆಗೆದುಕೊಂಡು ಹೋಗಿದ್ದಳು. ನಾನು ಮನೆಯಲ್ಲಿ ಚೀಟಿ ಜೋಡಿಸುತ್ತಿದ್ದೆ, ನನಗೆ ಯಾರೂ ಹೇಳಲಿಲ್ಲ.

ಆ ಸಂಜೆಯೇ ಓಣಿ ಹುಡುಕಿಕೊಂಡು ಅವರ ಮನೆಗೆ ಹೋದೆ. ತಾಯಿ ಗಾಬರಿಯಿಂದ ಕುರ್ಚಿ ಒರೆಸಿ ಕೂರಿಸಿದಳು. ಎಲ್ಲ ಸರಿಮಾಡಿದ್ದೇವೆ, ಹಳೆಯ ಟೀಚರ್ ಬಂದಿದ್ದಾರೆ, ಕಳಿಸಿ ಎಂದು ಕೇಳಿಕೊಂಡೆ. ತಪ್ಪು ನನ್ನದು ಎಂದೂ ಹೇಳಿದೆ.

"ಅಯ್ಯೋ, ನೀವೇಕೆ ಹಾಗಂತೀರಿ ಮೇಡಂ ಗಾರು? ನೀವೆಲ್ಲ ಚೆನ್ನಾಗೇ ಹೇಳಿಕೊಟ್ಟಿರಿ. ನಮ್ಮ ಹುಡುಗಿಗೇ ಓದು ಹತ್ತಲಿಲ್ಲ. ಸರ್ಕಾರಿ ಶಾಲೆಗೆ ಸೇರಿಸಿಯಾಯಿತು. ಮತ್ತೆ ಕದಲಿಸೋದು ಬೇಡ," ಎಂದಳು. ಹುಡುಗಿ ಒಳಬಾಗಿಲ ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಅವಳ ಪಾದಗಳು ಕಾಣುತ್ತಿದ್ದವು. ಅವಳ ಓದಿಗೆ ಏನೂ ಆಗಿಲ್ಲ, ಲೆಕ್ಕದಲ್ಲಿ ಅವಳೇ ಜಾಣೆ ಎಂದು ಆ ಪರದೆಗೆ ಕೇಳುವಂತೆ ಜೋರಾಗಿ ಹೇಳಿದೆ. ಪಾದಗಳು ಒಳಗೆ ಹೋದವು.

ಮೊನ್ನೆ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಸಂಜೆ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಜನ ತುಂಬಿದ್ದರಿಂದ ಮುಂಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತೆ. ಒಳಗೆ ಸರ್ಕಾರಿ ಶಾಲೆಯ ಯೂನಿಫಾರ್ಮಿನ ಹುಡುಗಿಯರ ಗುಂಪೊಂದು ಗಲಾಟೆ ಮಾಡುತ್ತಿತ್ತು. ಒಬ್ಬಳು ಯಾವುದೋ ಮೇಷ್ಟರ ಅನುಕರಣೆ ಮಾಡಿ ತೋರಿಸುತ್ತಿದ್ದಳು, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಬಸ್ಸು ಒಂದು ಓಣಿಯ ಸ್ಟಾಪು ದಾಟುವಂತೆ ಕಂಡಿತು. "ಆಪಂಡಿ! ಅಣ್ಣಾ, ಆಪಂಡಿ! ದಿಗಾಲಿ!" ನಿಲ್ಲಿಸಿ, ಇಳಿಯಬೇಕು ಎಂದು ಅದೇ ಹುಡುಗಿ ಕೂಗಿದಳು. ಇಡೀ ಬಸ್ಸಿಗೆ ಕೇಳುವ ಕೂಗು. ಡ್ರೈವರು ಬೈಯುತ್ತಾ ಬ್ರೇಕು ಹಾಕಿದ. ಜನರನ್ನು ಸರಿಸಿಕೊಂಡು ಬಾಗಿಲಿಗೆ ಬಂದಾಗ ಅವಳ ಎರಡು ಜಡೆ ನೋಡಿದೆ. ಅವಳೇ.

ಅವಳೂ ನನ್ನನ್ನು ನೋಡಿದಳು. ನಗು ನಿಂತುಹೋಯಿತು. ಬಾಗಿಲಿಗೆ ಅಡ್ಡವಾಗಿ ನಿಂತಿದ್ದವಳು ನಾನು. ಅವಳು ಚೀಲವನ್ನು ಎದೆಗೆ ಅವುಚಿಕೊಂಡು, ನೆಟ್ಟಗೆ ನಿಂತು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಮೇ ಐ ಗೋ ಔಟ್, ಮಿಸ್?"

ಒಂದು ತಪ್ಪೂ ಇರಲಿಲ್ಲ. ನಾನು ಪಕ್ಕಕ್ಕೆ ಸರಿದೆ. ಅವಳು ಇಳಿದಳು, ಗೆಳತಿಯರೂ ಇಳಿದರು, ಬಸ್ಸು ಹೊರಟಿತು. ಸ್ವಲ್ಪ ಹೊತ್ತಿಗೆ ನನ್ನ ಸ್ಟಾಪು ಬಂತು. ನಿಲ್ಲಿಸಿ ಎಂದು ಕೂಗಲು ನನಗೆ ಬಾಯಿ ಬರಲಿಲ್ಲ. ಮುಂದೆ ಯಾರೋ ಇಳಿಯುವವರೆಗೂ ಕಾದು, ಅವರ ಹಿಂದೆ ಇಳಿದು, ಮನೆಗೆ ವಾಪಸು ನಡೆದೆ.